ಸಭೆ, ಸಂದರ್ಶನ, ಸಹಭೋಜನ

(ನಮ್ಮ ಧರ್ಮಕೇಂದ್ರದ ಶತಮಾನೋತ್ಸವ ವರ್ಷದಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಸದಸ್ಯರ ಕುಟುಂಬ ಸಮ್ಮಿಲನದಂದು ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಶತಮಾನೋತ್ಸವದ ಈ ಸಂಭ್ರಮದ ವರ್ಷದಲ್ಲಿ ನಮ್ಮ ದೇವಾಲಯದ ಗೋಪುರಕ್ಕೆ ಹೊಸ ಬಣ್ಣ ಬಂದಿದೆ. ಮಾತೆಯ ಗವಿ ನವೀಕರಣಗೊಂಡಿದೆ. ಸಮಾಧಿಭೂಮಿಯ ಸುತ್ತುಗೋಡೆ ಪೂರ್ಣಗೊಂಡಿದೆ. ಇವೆಲ್ಲವೂ ಕಣ್ಣಿಗೆ ಕಾಣುವ ಕೆಲಸಗಳು. ಇವುಗಳಿಗಾಗಿ ದುಡಿದವರೆಲ್ಲರಿಗೂ ನಾನು ಋಣಿ. ಆದರೆ ಕಣ್ಣಿಗೆ ಬೀಳದಂತೆ ನಡೆಯಬೇಕೆಂದೇ ಹುಟ್ಟಿದ ಕೆಲಸವೊಂದು ನಮ್ಮ ನಡುವೆ ಇದೆ. ಅದು ಸಂತ ವಿನ್ಸೆಂಟ್ ದೆ ಪೌಲ್ ಸಭೆಯ ಕೆಲಸ. ನಾವೆಲ್ಲ ಅದನ್ನು ವಿನ್ಸೆಂಟ್ ಸಭೆ ಎಂದೇ ಕರೆಯುತ್ತೇವೆ. ಅದರ ಕುರಿತು ಇಂದು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇನೆ.

ಇದಕ್ಕೆ ಕಾರಣವಿದೆ. ಶತಮಾನೋತ್ಸವದ ಪೂರ್ವಸಿದ್ಧತೆಗಾಗಿ ಪಾಲನಾ ಸಮಿತಿ ಸೇರಿದಾಗ ಈ ಸಭೆಯ ವಿಷಯವಾಗಿ ಮೂರು ಸಲಹೆಗಳು ಬಂದವು. ಸದಸ್ಯರು 14 ಮಂದಿ ಮಾತ್ರ, ಅವರಲ್ಲಿ ಹೆಚ್ಚಿನವರು ವಯಸ್ಸಾದವರು, ಆದುದರಿಂದ ವಾರದ ಸಭೆಯನ್ನು ತಿಂಗಳಿಗೊಮ್ಮೆ ಇಟ್ಟರೆ ಸಾಕು ಎಂಬುದು ಮೊದಲನೆಯದು. ಮನೆಮನೆಗೆ ಹೋಗುವ ಬದಲು, ಆಯ್ದ ಕುಟುಂಬಗಳ ಬ್ಯಾಂಕ್ ಖಾತೆಗೆ ಹಣವನ್ನು ನೇರವಾಗಿ ಜಮಾ ಮಾಡಬಹುದು ಎಂಬುದು ಎರಡನೆಯದು. ವರ್ಷಕ್ಕೊಮ್ಮೆ, ಕ್ರಿಸ್ತಜಯಂತಿಯ ಸಮಯದಲ್ಲಿ, ಸಭಾಭವನದಲ್ಲಿ ಬಡವರನ್ನು ಸೇರಿಸಿ ಕಂಬಳಿ ಮತ್ತು ದಿನಸಿ ಕಿಟ್‌ಗಳನ್ನು ವಿತರಿಸೋಣ ಎಂಬುದು ಮೂರನೆಯದು.

ಈ ಸಲಹೆಗಳನ್ನಿತ್ತವರು ಸಜ್ಜನರು. ಬಡವರ ಮೇಲಿನ ಕನಿಕರದಿಂದಲೇ ಅವರು ಮಾತನಾಡಿದರು. ಬ್ಯಾಂಕಿನ ಮೂಲಕ ಕಳುಹಿಸಿದ ಹಣ ಬೇಗ ತಲಪುತ್ತದೆ ಎಂಬುದೂ, ಲೆಕ್ಕ ಅಚ್ಚುಕಟ್ಟಾಗಿರುತ್ತದೆ ಎಂಬುದೂ ನಿಜ. ಆದರೂ ಈ ಮೂರು ಸಲಹೆಗಳನ್ನು ಒಟ್ಟಾಗಿ ಸ್ವೀಕರಿಸಿದರೆ ಹೆಸರು ಮಾತ್ರ ಉಳಿದು ಸಭೆ ಉಳಿಯಲಾರದು ಎಂಬ ಭಯ ನನಗಿದೆ. ಆ ಭಯದ ಕಾರಣಗಳನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯ. ಕೇಳಿದ ಮೇಲೆ ನಿರ್ಧಾರ ನಿಮ್ಮದು.

ಮೊದಲು ನಮ್ಮ ಸಭೆಯ ಪಾಲಕ ಸಂತರನ್ನು ನೆನೆಯೋಣ. ವಿನ್ಸೆಂಟರು 1581ರಲ್ಲಿ ಫ್ರಾನ್ಸ್ ದೇಶದ ನೈಋತ್ಯ ಭಾಗದ ಒಂದು ರೈತ ಕುಟುಂಬದಲ್ಲಿ ಜನಿಸಿದವರು. 1617ರಲ್ಲಿ ಅವರು ಶಾತಿಯೋಂ ಎಂಬ ಸಣ್ಣ ಊರಿನ ಧರ್ಮಕೇಂದ್ರದ ಗುರುಗಳಾಗಿದ್ದರು. ಆ ವರ್ಷದ ಆಗಸ್ಟ್ ತಿಂಗಳ ಒಂದು ಭಾನುವಾರ, ಪೂಜೆಗೆ ವಸ್ತ್ರ ಧರಿಸುತ್ತಿದ್ದಾಗ ಅವರಿಗೊಂದು ಸುದ್ದಿ ಬಂತು. ಊರಿನಿಂದ ದೂರದ ಒಂಟಿ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದರು. ಒಬ್ಬರಿಗೊಬ್ಬರು ನೀರು ಕೊಡಲೂ ಕೈಲಾಗದ ಸ್ಥಿತಿ. ಪ್ರಸಂಗದಲ್ಲಿ ಅವರು ಅದನ್ನು ಜನರಿಗೆ ತಿಳಿಸಿದರು. ಮಧ್ಯಾಹ್ನ ಸ್ವತಃ ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಜನ! ರೊಟ್ಟಿ, ಮಾಂಸ, ಇನ್ನೂ ಏನೇನೋ ಹೊತ್ತು ಹೋಗುವವರು, ಕೊಟ್ಟು ಬರುವವರು. ಇದನ್ನು ಕಂಡ ಬೇರೆ ಯಾರಾದರೂ ಸಂತೋಷಪಟ್ಟು ಅಲ್ಲಿಗೇ ಬಿಡುತ್ತಿದ್ದರೇನೋ. ವಿನ್ಸೆಂಟರು ಮಾತ್ರ ಮುಂದಿನ ದಿನದ ಬಗ್ಗೆ ಯೋಚಿಸಿದರು. ಇಂದು ಬಂದದ್ದನ್ನು ತಿಂದು ಮುಗಿಸಲಾಗದೆ ಕೆಡುತ್ತದೆ. ನಾಳಿದ್ದಿಗೆ ಆ ಮನೆಯಲ್ಲಿ ಮತ್ತೆ ಹಸಿವು. ಜನರಲ್ಲಿ ದಯೆ ಇತ್ತು, ಆದರೆ ದಯೆಗೊಂದು ಕ್ರಮ ಇರಲಿಲ್ಲ. ಕೆಲವೇ ದಿನಗಳಲ್ಲಿ ಅವರು ಆ ಊರಿನ ಸ್ತ್ರೀಯರನ್ನು ಕೂಡಿಸಿ, ಸರದಿಯ ಪ್ರಕಾರ ರೋಗಿಗಳಿಗೆ ಅಡುಗೆ ಮಾಡಿ ಕೊಂಡೊಯ್ಯುವ ದಯಾಸಂಘವನ್ನು ಕಟ್ಟಿದರು.

ಆ ಸಂಘಕ್ಕೆ ವಿನ್ಸೆಂಟರು ಬರೆದುಕೊಟ್ಟ ನಿಯಮಗಳು ಇಂದಿಗೂ ಓದತಕ್ಕವು. ರೋಗಿಯ ಮುಂದೆ ಬಟ್ಟೆ ಹಾಸಿ ಊಟ ಇಡುವುದು, ನಗುಮುಖದಿಂದ ಮಾತನಾಡಿಸುವುದು, ತಾಯಿಯು ಮಗುವಿಗೆ ಉಣಿಸುವಂತೆ ಒತ್ತಾಯಿಸಿ ಉಣಿಸುವುದು, ಹೀಗೆ ಸಣ್ಣ ಸಣ್ಣ ವಿವರಗಳೂ ಅಲ್ಲಿವೆ. ಅವುಗಳಲ್ಲಿ ಒಂದು ಅಂಶವನ್ನು ನೀವು ವಿಶೇಷವಾಗಿ ಗಮನಿಸಬೇಕು. ಹಲವು ರೋಗಿಗಳ ಮನೆಗೆ ಹೋಗುವವರು, ಜೊತೆಯಲ್ಲಿ ಯಾರಾದರೂ ಇರುವವರ ಮನೆಯಿಂದ ಆರಂಭಿಸಿ, ಯಾರೂ ಇಲ್ಲದವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳಬೇಕು ಎನ್ನುತ್ತಾರೆ ಅವರು. ಕೊನೆಯ ಮನೆಯಾದರೆ ಮುಂದೆ ಹೋಗುವ ಅವಸರವಿಲ್ಲ; ಒಂಟಿಯಾದವರ ಬಳಿ ಹೆಚ್ಚು ಹೊತ್ತು ಕುಳಿತುಕೊಳ್ಳಬಹುದು. ನೋಡಿ, ಒಂದು ತಟ್ಟೆ ಊಟದ ನಿಯಮ ಬರೆಯುವಾಗಲೂ ಆ ಮಹಾನುಭಾವರ ಲಕ್ಷ್ಯ ಊಟದ ಮೇಲಷ್ಟೇ ಇರಲಿಲ್ಲ. ಜೊತೆಯಲ್ಲಿ ಕುಳಿತುಕೊಳ್ಳುವ ಮನುಷ್ಯನ ಮೇಲೂ ಇತ್ತು. ಅವರು 1660ರಲ್ಲಿ ದೈವಾಧೀನರಾದರು. 1885ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು ಎಲ್ಲ ದಯಾಸಂಸ್ಥೆಗಳಿಗೆ ಅವರನ್ನು ಪಾಲಕರೆಂದು ಘೋಷಿಸಿದರು.

ಆದರೆ ನಮ್ಮ ಸಭೆಯನ್ನು ಸ್ಥಾಪಿಸಿದವರು ವಿನ್ಸೆಂಟರಲ್ಲ. ಅವರು ಗತಿಸಿ ಸುಮಾರು 170 ವರ್ಷಗಳ ತರುವಾಯ ಪ್ಯಾರಿಸಿನಲ್ಲಿ ಓದುತ್ತಿದ್ದ ಕೆಲವು ವಿದ್ಯಾರ್ಥಿಗಳು ಇದನ್ನು ಆರಂಭಿಸಿದರು. ಅವರಲ್ಲಿ ಪ್ರಮುಖರು ಫ್ರೆಡರಿಕ್ ಓಜಾನಾಮ್. 1813ರಲ್ಲಿ ಜನಿಸಿದ ಅವರು ವೈದ್ಯರೊಬ್ಬರ ಮಗ. ಕಾನೂನು ಓದಲು ಪ್ಯಾರಿಸಿಗೆ ಬಂದವರು. 1832ರಲ್ಲಿ ಆ ನಗರದಲ್ಲಿ ಕಾಲರಾ ಹರಡಿ ಸಾವಿರಾರು ಮಂದಿ ಸತ್ತಿದ್ದರು. ಬಡವರ ಕೇರಿಗಳ ಪಾಡು ಹೇಳತೀರದು. ವಿದ್ಯಾರ್ಥಿಗಳು ಸೇರಿ ನಡೆಸುತ್ತಿದ್ದ ಚರ್ಚಾಕೂಟದಲ್ಲಿ ಓಜಾನಾಮರು ಧರ್ಮಸಭೆಯ ಪರವಾಗಿ ವಾದಿಸುತ್ತಿದ್ದರು. ಒಮ್ಮೆ ಎದುರು ಪಕ್ಷದವರು ಒಂದು ಪ್ರಶ್ನೆ ಹಾಕಿದರು: ಹಿಂದೆ ನಿಮ್ಮ ಧರ್ಮಸಭೆ ದೊಡ್ಡ ಕೆಲಸಗಳನ್ನು ಮಾಡಿರಬಹುದು, ಒಪ್ಪೋಣ, ಇಂದು ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ? ಈ ಪ್ರಶ್ನೆಗೆ ಮಾತಿನಿಂದ ಉತ್ತರ ಕೊಡಲಾಗದೆಂದು ಓಜಾನಾಮರಿಗೆ ಅರಿವಾಯಿತು. ಕತ್ತಲಾದ ಮೇಲೆ ಅವರೂ ಒಬ್ಬ ಗೆಳೆಯರೂ, ಚಳಿಗಾಲಕ್ಕೆಂದು ತಂದು ಉಳಿಸಿಕೊಂಡಿದ್ದ ಸೌದೆಯನ್ನು ತಾವೇ ಹೊತ್ತು ಒಬ್ಬ ಬಡವನ ಮನೆಗೆ ಕೊಟ್ಟು ಬಂದರೆಂದು ಚರಿತ್ರೆ ಹೇಳುತ್ತದೆ.

1833ರ ಏಪ್ರಿಲ್ 23ರಂದು ಸಭೆಯ ಮೊದಲ ಕೂಟ ನಡೆಯಿತು. ಅಂದು ಓಜಾನಾಮರ 20ನೆಯ ಜನ್ಮದಿನ. ಸೇರಿದ ಸ್ಥಳ ಒಂದು ಪತ್ರಿಕೆಯ ಕಚೇರಿ. ಪತ್ರಿಕೆಯ ಸಂಪಾದಕರೂ ನಡುವಯಸ್ಸಿನವರೂ ಆದ ಎಮ್ಯಾನುಯೆಲ್ ಬೇಯಿ ಎಂಬುವರು ಸ್ಥಳ ಕೊಟ್ಟು, ಅಧ್ಯಕ್ಷತೆಯನ್ನೂ ವಹಿಸಿದರು. ಉಳಿದ ಆರು ಮಂದಿ ವಿದ್ಯಾರ್ಥಿಗಳು. ಬಡವರ ಬಳಿ ಹೋಗಬೇಕೆಂಬ ಉತ್ಸಾಹ ಅವರಲ್ಲಿತ್ತು; ಎಲ್ಲಿ ಹೋಗಬೇಕು, ಹೋಗಿ ಹೇಗೆ ನಡೆದುಕೊಳ್ಳಬೇಕು ಎಂಬುದು ತಿಳಿದಿರಲಿಲ್ಲ. ಅದನ್ನು ಕಲಿಸಿದವರು ಒಬ್ಬ ಕನ್ಯಾಸ್ತ್ರೀ, ಸಿಸ್ಟರ್ ರೊಸಾಲಿ. ಮೂಫ್ತಾರ್ ಎಂಬ ಬಡ ಕೇರಿಯಲ್ಲಿ ಅವರು ವರ್ಷಗಟ್ಟಲೆ ಸೇವೆ ಮಾಡಿದ್ದರು. ಕುಟುಂಬಗಳ ಪಟ್ಟಿಯನ್ನೂ, ರೊಟ್ಟಿ ಮತ್ತು ಉರುವಲಿನ ಚೀಟಿಗಳನ್ನೂ ಕೊಟ್ಟು, ತಾಳ್ಮೆಯಿಂದಿರಿ, ತೀರ್ಪು ಕೊಡಬೇಡಿ ಎಂದು ತಿದ್ದಿ ತೀಡಿ ಆ ಯುವಕರನ್ನು ಮನೆಮನೆಗೆ ಕಳುಹಿಸಿದವರು ಅವರೇ. 2003ರಲ್ಲಿ ಧರ್ಮಸಭೆ ಅವರನ್ನು ಧನ್ಯರ ಪದವಿಗೇರಿಸಿತು.

ಓಜಾನಾಮರು ಮುಂದೆ ಪ್ರಸಿದ್ಧ ಸೋರ್ಬೋನ್ ವಿದ್ಯಾಪೀಠದಲ್ಲಿ ಪ್ರಾಧ್ಯಾಪಕರಾದರು, ವಿವಾಹವಾದರು, ಒಬ್ಬ ಮಗಳ ತಂದೆಯಾದರು. 1853ರ ಸೆಪ್ಟೆಂಬರ್ 8ರಂದು ತಮ್ಮ 40ನೆಯ ವಯಸ್ಸಿನಲ್ಲಿ ತೀರಿಕೊಂಡರು. 1997ರ ಆಗಸ್ಟ್ 22ರಂದು ಪ್ಯಾರಿಸಿನಲ್ಲೇ ಜಗದ್ಗುರು ಎರಡನೆಯ ಜಾನ್ ಪೌಲ್‌ರವರು ಅವರನ್ನು ಧನ್ಯರೆಂದು ಸಾರಿದರು. ನಾನು ಇದನ್ನು ಹೇಳುವುದಕ್ಕೆ ಕಾರಣವಿದೆ. ಈ ಸಭೆ ಗುರುಗಳ ಸಭೆಯಲ್ಲ, ಶ್ರೀಮಂತರ ಸಭೆಯೂ ಅಲ್ಲ. ಸಂಸಾರವಂದಿಗರು, ಉದ್ಯೋಗಸ್ಥರು, ವಿದ್ಯಾರ್ಥಿಗಳು ತಮ್ಮ ನಿತ್ಯದ ಕೆಲಸದ ನಡುವೆ ಸಮಯ ಮಾಡಿಕೊಂಡು ನಡೆಸಿದ ಸಭೆ. ಇಂದು ಅದು 150ಕ್ಕೂ ಮಿಕ್ಕ ದೇಶಗಳಲ್ಲಿ ಹಬ್ಬಿದೆ.

ಇನ್ನು ಮೊದಲನೆಯ ಸಲಹೆಗೆ ಬರೋಣ. ವಾರದ ಸಭೆ ಏಕೆ ಬೇಕು?

ಸೇವಾಸಂಸ್ಥೆಗಳು ಲೋಕದಲ್ಲಿ ಹಲವಿವೆ. 1905ರಲ್ಲಿ ಷಿಕಾಗೋ ನಗರದಲ್ಲಿ ಆರಂಭವಾದ ರೋಟರಿ, 1917ರಲ್ಲಿ ಹುಟ್ಟಿದ ಲಯನ್ಸ್ ಮುಂತಾದವುಗಳನ್ನು ನೀವು ಬಲ್ಲಿರಿ. ನಮ್ಮ ಪಟ್ಟಣಗಳಲ್ಲೂ ಅವು ಒಳ್ಳೆಯ ಕೆಲಸ ಮಾಡುತ್ತಿವೆ. ರೋಟರಿಯವರು 1985ರಿಂದ ಪೋಲಿಯೋ ನಿರ್ಮೂಲನಕ್ಕಾಗಿ ಪಟ್ಟ ಶ್ರಮವನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. 2014ರಲ್ಲಿ ನಮ್ಮ ದೇಶವೂ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಇಂತಹ ಸಂಸ್ಥೆಗಳಲ್ಲೂ ಸಭೆ ಇದೆ, ಸೇವೆ ಇದೆ, ಸ್ನೇಹಕೂಟವಿದೆ. ನಮ್ಮಲ್ಲೂ ಈ ಮೂರು ಇವೆ. ನಾವು ಅವರಿಗಿಂತ ಮೇಲೆಂದು ಬೀಗುವುದು ಸಲ್ಲದು. ಆದರೆ ನಮ್ಮ ಸಭೆಯಲ್ಲಿ ಈ ಮೂರರ ಮಧ್ಯಬಿಂದು ಯಾವುದು ಎಂಬುದನ್ನು ನಾವು ಮರೆಯಬಾರದು. ಬಡವನ ಮನೆಯ ಸಂದರ್ಶನವೇ ಆ ಮಧ್ಯಬಿಂದು. ಸಭೆ ಸೇರುವುದು ಸಂದರ್ಶನಕ್ಕಾಗಿ. ಸ್ನೇಹ ಬೆಳೆಯುವುದು ಸಂದರ್ಶನದಿಂದ.

ನಮ್ಮ ಸಭೆಯ ಕ್ರಮವನ್ನು ಗಮನಿಸಿ. ಪ್ರಾರ್ಥನೆಯಿಂದ ಆರಂಭ. ಬಳಿಕ ಸ್ವಲ್ಪ ಆಧ್ಯಾತ್ಮಿಕ ವಾಚನ. ಅನಂತರ ಹಿಂದಿನ ಸಭೆಯ ವರದಿ, ಕೋಶಾಧಿಕಾರಿಯ ಲೆಕ್ಕ. ತರುವಾಯ, ಹಿಂದಿನ ವಾರ ಯಾರು ಯಾರ ಮನೆಗೆ ಹೋಗಿದ್ದರು, ಏನು ಕಂಡರು, ಏನು ಆಗಬೇಕಾಗಿದೆ ಎಂಬ ಮಾತು. ಮುಂದಿನ ವಾರದ ಕೆಲಸ ಹಂಚಿಕೆ. ಕೊನೆಗೆ ಗುಪ್ತ ಕಾಣಿಕೆಯ ಚೀಲ ಕೈಯಿಂದ ಕೈಗೆ ಸಾಗುತ್ತದೆ. ನೂರು ಹಾಕಿದವರಾರು, ಹತ್ತು ಹಾಕಿದವರಾರು, ಏನೂ ಇಲ್ಲದೆ ಬರಿಗೈಯನ್ನೇ ಒಳಗಿಟ್ಟು ತೆಗೆದವರಾರು ಎಂಬುದು ದೇವರಿಗೆ ಮಾತ್ರ ಗೊತ್ತು. ಆದುದರಿಂದಲೇ ತೋಟದ ಮಾಲೀಕನೂ ದಿನಗೂಲಿಯವನೂ ಒಂದೇ ಬೆಂಚಿನ ಮೇಲೆ ಸಮಾನರಾಗಿ ಕುಳಿತುಕೊಳ್ಳಲು ಸಾಧ್ಯ. ದಾನಿಗಳ ಪಟ್ಟಿಯನ್ನು ಗೋಡೆಯ ಮೇಲೆ ಕೆತ್ತಿಸುವ ಕಾಲದಲ್ಲಿ ಈ ಚೀಲ ಒಂದು ದೊಡ್ಡ ಪಾಠ.

ತಿಂಗಳಿಗೊಮ್ಮೆ ಸೇರಿದರೆ ಏನಾಗುತ್ತದೆ? ಲೆಕ್ಕ ಓದುವುದಕ್ಕೆ, ಠರಾವು ಮಾಡುವುದಕ್ಕೆ ಅಷ್ಟು ಸಾಕು. ಆದರೆ ಮಗುವಿಗೆ ಜ್ವರ ಬಂದ ಮನೆಯ ಸುದ್ದಿ ತಿಂಗಳು ಕಾಯಲಾರದು. ಮಳೆಗಾಲದಲ್ಲಿ ಮಾಡು ಸೋರುವ ಲೈನ್ ಮನೆಯ ಹೆಂಚು ತಿಂಗಳು ಕಾಯಲಾರದು. ಅಲ್ಲದೆ, ವಾರ ವಾರ ಕೇಳುವವರಿದ್ದಾರೆಂಬ ಅರಿವಿದ್ದರೆ ಮಾತ್ರ ನಮ್ಮಂತಹ ದುರ್ಬಲ ಮನುಷ್ಯರು ಮನೆಯಿಂದ ಹೊರಡುತ್ತೇವೆ. ಸಭೆ ದೂರವಾದಷ್ಟೂ ಸಂದರ್ಶನ ಅಪರೂಪವಾಗುತ್ತದೆ. ಆರಂಭದ ದಿನಗಳ ಒಂದು ಸಂಗತಿ ಇಲ್ಲಿ ಸ್ಮರಣೀಯ. ಎರಡು ವರ್ಷ ತುಂಬುವುದರೊಳಗೆ ಪ್ಯಾರಿಸಿನ ಸಭೆಯಲ್ಲಿ ನೂರಕ್ಕೂ ಮಿಕ್ಕಿ ಸದಸ್ಯರಾದಾಗ, ಒಂದೇ ದೊಡ್ಡ ಸಭೆಯಾಗಿ ಮುಂದುವರಿಯಬೇಕೇ, ಬೇರೆ ಬೇರೆ ಧರ್ಮಕೇಂದ್ರಗಳ ಸಣ್ಣ ಸಭೆಗಳಾಗಿ ವಿಭಾಗಿಸಬೇಕೇ ಎಂದು ಅವರಲ್ಲಿ ಬಿಸಿ ಚರ್ಚೆಯೇ ನಡೆಯಿತು. ಗೆಳೆಯರನ್ನು ಅಗಲುವ ನೋವು ಕೆಲವರಿಗೆ. ಕೊನೆಗೆ 1835ರಲ್ಲಿ ಅವರು ವಿಭಾಗಿಸುವ ಮಾರ್ಗವನ್ನೇ ಆರಿಸಿಕೊಂಡರು. ಆದುದರಿಂದ ನಮ್ಮ ಸಂಖ್ಯೆ 14 ಎಂಬುದು ಅವಮಾನದ ಮಾತಲ್ಲ. ಏಳು ಮಂದಿಯಿಂದ ಆರಂಭವಾದ ಸಭೆಗೆ 14 ಮಂದಿ ಕಡಿಮೆಯೆಂದು ಹೇಳುವವರಾರು?

ಎರಡನೆಯ ಸಲಹೆ ಸಂದರ್ಶನದ ಕುರಿತಾದದ್ದು. ನಮ್ಮ ಸದಸ್ಯರು ಇಬ್ಬಿಬ್ಬರಾಗಿ ಹೋಗುತ್ತಾರೆ. ಪ್ರಭು ಯೇಸು ತಮ್ಮ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸಿದ್ದನ್ನು ನೀವು ಶುಭಸಂದೇಶದಲ್ಲಿ ಕೇಳಿದ್ದೀರಿ. ಇದರಲ್ಲಿ ವ್ಯವಹಾರ ಜ್ಞಾನವೂ ಇದೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ನೋಡುತ್ತಾರೆ. ಒಬ್ಬರಿಗೆ ಬೇಸರವಾದಾಗ ಇನ್ನೊಬ್ಬರು ಧೈರ್ಯ ಹೇಳುತ್ತಾರೆ. ಹಣದ ವಿಷಯದಲ್ಲಿ ಯಾರಿಗೂ ಸಂಶಯಕ್ಕೆ ಎಡೆಯಿರುವುದಿಲ್ಲ.

ಬೇರೊಂದು ಧರ್ಮಕೇಂದ್ರದಲ್ಲಿ ನಾನಿದ್ದಾಗ ನಡೆದ ಸಂಗತಿಯನ್ನು ಹೇಳುತ್ತೇನೆ. ಹೆಸರು, ಊರು ಬೇಡ. ತೋಟದಲ್ಲಿ ಜೀವನವಿಡೀ ದುಡಿದು ವೃದ್ಧರಾದ ಒಬ್ಬರು ಒಂಟಿಯಾಗಿದ್ದರು. ಅವರಿಗೆ ಪಡಿತರ ಚೀಟಿಯಿದೆ, ಅಕ್ಕಿ ಸಿಗುತ್ತದೆ, ಸಹಾಯದ ಅಗತ್ಯವಿಲ್ಲವೆಂದು ಎಲ್ಲರೂ ತಿಳಿದಿದ್ದರು. ಆದರೂ ವಿನ್ಸೆಂಟ್ ಸಭೆಯ ಇಬ್ಬರು ಅವರನ್ನು ಮಾತನಾಡಿಸಲೆಂದು ಹೋದರು. ಮೊದಲ ವಾರ ಆ ಅಜ್ಜ ಬಾಗಿಲಲ್ಲೇ ನಿಂತು, ಎಲ್ಲ ಚೆನ್ನಾಗಿದೆ ಸ್ವಾಮಿ ಎಂದು ಕಳುಹಿಸಿದರು. ಎರಡನೆಯ ವಾರ ಒಳಗೆ ಕರೆದು ಕೂರಿಸಿದರು. ಮೂರನೆಯ ವಾರ, ಕಪ್ಪು ಕಾಫಿ ಕೊಟ್ಟು, ಮೆಲ್ಲನೆ ವಿಷಯ ಹೇಳಿದರು. ವರ್ಷಗಟ್ಟಲೆ ಕತ್ತಿ ಗುದ್ದಲಿ ಹಿಡಿದು ಅವರ ಬೆರಳ ಗೆರೆಗಳು ಸವೆದುಹೋಗಿದ್ದವು. ನ್ಯಾಯಬೆಲೆ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟಿನ ಗುರುತನ್ನು ಒಪ್ಪುತ್ತಿರಲಿಲ್ಲ. ಕೆಲವು ತಿಂಗಳುಗಳಿಂದ ಅಕ್ಕಿ ಬಂದಿರಲಿಲ್ಲ. ಬೇಡುವುದಕ್ಕೆ ನಾಚಿಕೆ, ಮಗನಿಗೆ ಹೇಳುವುದಕ್ಕೆ ಅಭಿಮಾನ. ಆ ಇಬ್ಬರು ಸದಸ್ಯರು ಅವರನ್ನು ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ದು, ಬೆರಳ ಗುರುತನ್ನು ಹೊಸದಾಗಿ ದಾಖಲಿಸಿ, ಅಕ್ಕಿ ಮತ್ತೆ ಬರುವಂತೆ ಮಾಡಿದರು. ಸಭೆಯ ನಿಧಿಯಿಂದ ಖರ್ಚಾದದ್ದು ಬಸ್ಸಿನ ಟಿಕೇಟಿನ ಹಣ ಮಾತ್ರ.

ಈಗ ಯೋಚಿಸಿ. ಆ ಅಜ್ಜನ ಹೆಸರು ಯಾವ ಪಟ್ಟಿಯಲ್ಲಿ ಸೇರುತ್ತಿತ್ತು? ಯಾವ ಖಾತೆಗೆ ನಾವು ಹಣ ಜಮಾ ಮಾಡುತ್ತಿದ್ದೆವು? ತನಗೆ ಬಡತನವಿದೆಯೆಂದು ಅರ್ಜಿ ಬರೆಯಬಲ್ಲವನಿಗೆ ಬ್ಯಾಂಕು ನೆರವಾಗುತ್ತದೆ. ಬರೆಯಲಾರದವನನ್ನು, ಬರೆಯಲು ಮನಸ್ಸೊಪ್ಪದವನನ್ನು ಕಂಡುಹಿಡಿಯಲು ಯಾರಾದರೂ ಅವನ ಬಾಗಿಲಿಗೆ ಹೋಗಬೇಕು, ಒಮ್ಮೆ ಹೋದರೆ ಸಾಲದು, ಮೂರನೆಯ ಬಾರಿಯೂ ಹೋಗಬೇಕು. ವಿಧವಾ ವೇತನ, ಸಂಧ್ಯಾ ಸುರಕ್ಷಾ ಮುಂತಾದ ಸರಕಾರದ ಯೋಜನೆಗಳಿದ್ದರೂ ಅವುಗಳ ಅರ್ಜಿ ತುಂಬಲು ತಿಳಿಯದೆ ಕುಳಿತವರು ನಮ್ಮ ವಾರ್ಡುಗಳಲ್ಲೇ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದು, ದೊಡ್ಡ ಮನೆಯಲ್ಲಿ ಒಂಟಿಯಾಗಿ ಜಪಸರ ಹಿಡಿದು ಕುಳಿತ ವೃದ್ಧೆಯರೂ ಇದ್ದಾರೆ. ಅವರ ಖಾತೆಯಲ್ಲಿ ಹಣವಿದೆ, ಮಾತನಾಡಿಸುವವರಿಲ್ಲ. ಬಡತನಕ್ಕೆ ಇಂದು ಇಂತಹ ರೂಪವೂ ಇದೆ.

ಹಾಗೆಂದು ಬ್ಯಾಂಕನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಶಾಲೆಯ ಶುಲ್ಕ, ಆಸ್ಪತ್ರೆಯ ಬಿಲ್ಲು ಮುಂತಾದವನ್ನು ನೇರವಾಗಿ ಅಲ್ಲಿಗೇ ಪಾವತಿಸುವುದು ಉತ್ತಮ. ಅದು ಉಪಕರಣ. ಸಂದರ್ಶನದ ಸ್ಥಾನವನ್ನು ಅದು ತುಂಬಲಾರದು.

ಸಂದರ್ಶನದ ವಿಷಯದಲ್ಲಿ ನಮ್ಮಲ್ಲಿ ಕೆಲವರು ಎತ್ತುವ ಮೂರು ಆಕ್ಷೇಪಣೆಗಳನ್ನು ನಾನು ಬಲ್ಲೆ. ಕುಡುಕನ ಮನೆಗೆ ಏಕೆ ಸಹಾಯ ಎನ್ನುತ್ತಾರೆ. ಕುಡಿಯುವವನು ಒಬ್ಬ, ಉಪವಾಸವಿರುವವರು ನಾಲ್ವರು. ಆ ಮನೆಗೆ ನಗದು ಕೊಡಬಾರದು, ನಿಜ. ಅಕ್ಕಿಯನ್ನೂ ಪುಸ್ತಕವನ್ನೂ ಕೊಡಬಹುದು. ಹೋಗಿ ಬರುತ್ತಿದ್ದರೆ ಮುಂದೊಂದು ದಿನ ಅವನೊಡನೆಯೂ ಮಾತನಾಡಬಹುದು. ಅದೇ ಮನೆಗೆ ವರ್ಷವರ್ಷವೂ ಏಕೆ ಎಂಬುದು ಎರಡನೆಯದು. ಕೆಲವರು ಚೇತರಿಸಿಕೊಂಡು ತಮ್ಮ ಕಾಲ ಮೇಲೆ ನಿಲ್ಲುತ್ತಾರೆ. ಹಾಗೆ ನಿಲ್ಲಿಸುವುದೇ ನಮ್ಮ ಗುರಿಯಾಗಬೇಕು. ಆದರೆ ಹಾಸಿಗೆ ಹಿಡಿದವರು, ಬುದ್ಧಿ ಬೆಳೆಯದ ಮಕ್ಕಳ ತಾಯಂದಿರು ಚೇತರಿಸಿಕೊಳ್ಳುವುದು ಹೇಗೆ? ಅವರೊಡನೆ ಕೊನೆಯತನಕ ನಡೆಯಬೇಕು.

ಮೂರನೆಯ ಆಕ್ಷೇಪಣೆ, ನಮ್ಮವರಲ್ಲದವರಿಗೆ ಏಕೆ ಎಂಬುದು. ಇದಕ್ಕೆ ಸ್ವಲ್ಪ ವಿಸ್ತಾರವಾಗಿ ಉತ್ತರಿಸಬೇಕಾಗಿದೆ. ಇಂದು ಈ ಬೆಟ್ಟಗಳ ಕಾಫಿ ತೋಟಗಳಿಗೆ ಅಸ್ಸಾಮ್, ಒಡಿಶಾ, ಪಶ್ಚಿಮ ಬಂಗಾಳಗಳಿಂದ ಕೂಲಿಗಾಗಿ ಬಂದ ಕುಟುಂಬಗಳಿವೆ. ಹಣ್ಣು ಕೊಯ್ಯುವ ತಿಂಗಳುಗಳಲ್ಲಿ ಅವರಿಗೆ ಕೆಲಸವುಂಟು. ಮುಂಗಾರಿನ ಜಡಿಮಳೆಯಲ್ಲಿ ಕೆಲಸ ಕಡಿಮೆ. ಅವರಿಗೆ ಕನ್ನಡ ಬಾರದು. ಕಾಯಿಲೆಯಾದರೆ ಆಸ್ಪತ್ರೆಯಲ್ಲಿ ಏನು ಹೇಳಬೇಕೆಂದು ತಿಳಿಯದು. ಅವರಲ್ಲಿ ಕ್ರೈಸ್ತರೂ ಇದ್ದಾರೆ, ಹಿಂದೂಗಳೂ ಮುಸಲ್ಮಾನರೂ ಇದ್ದಾರೆ. ಅವರನ್ನು ಪರಕೀಯರೆಂದು ನೋಡುವ ಮೊದಲು ನಮ್ಮ ಧರ್ಮಕೇಂದ್ರದ ಚರಿತ್ರೆಯನ್ನು ಒಮ್ಮೆ ನೆನೆಯಿರಿ. ನಮ್ಮಲ್ಲಿ ಹೆಚ್ಚಿನವರ ಅಜ್ಜ ಅಜ್ಜಿಯರು ಕರಾವಳಿಯಿಂದ ಘಟ್ಟ ಹತ್ತಿ, ಇಲ್ಲವೆ ತಮಿಳು ಸೀಮೆಯಿಂದ ಮೇಸ್ತ್ರಿಗಳ ಹಿಂದೆ ನಡೆದು ಇದೇ ತೋಟಗಳಿಗೆ ಕೂಲಿಗಾಗಿ ಬಂದವರು. ಅವರಿಗೂ ಇಲ್ಲಿನ ಭಾಷೆ ಬರುತ್ತಿರಲಿಲ್ಲ. ಮಲೆನಾಡಿನ ಮಲೇರಿಯಾ ಎಷ್ಟೋ ಮನೆಗಳನ್ನು ಬರಿದು ಮಾಡಿತು. ಅಂದು ಅವರ ಬಾಗಿಲಿಗೆ ಯಾರೋ ಗಂಜಿಯನ್ನೂ ಮದ್ದನ್ನೂ ತಂದುಕೊಟ್ಟದ್ದರಿಂದ ಇಂದು ನಾವು ಶತಮಾನೋತ್ಸವ ಆಚರಿಸುತ್ತಿದ್ದೇವೆ. ಸಮಾರಿತನ ಸಾಮತಿಯನ್ನು ಹೇಳಿದ ಪ್ರಭು, ಗಾಯಗೊಂಡು ಬಿದ್ದವನ ಜಾತಿ ಕುಲಗಳನ್ನು ವಿಚಾರಿಸಲಿಲ್ಲ. ನಮ್ಮ ಸಭೆಯ ಆರಂಭದ ನಿಯಮಾವಳಿಯೂ ಯಾವ ದಯಾಕಾರ್ಯವನ್ನೂ ಈ ಸಭೆಗೆ ಹೊರತಾದದ್ದೆಂದು ಎಣಿಸಬಾರದೆಂದೇ ವಿಧಿಸಿತ್ತು. ಆ ಮನೆಗಳಿಗೆ ಹೋಗುವಾಗ ಧರ್ಮವನ್ನು ಕೇಳುವುದೂ ಬೇಡ, ಕೊಟ್ಟದ್ದಕ್ಕೆ ಪ್ರತಿಯಾಗಿ ಏನನ್ನಾದರೂ ನಿರೀಕ್ಷಿಸುವುದೂ ಬೇಡ.

ಸಂದರ್ಶನಕ್ಕೆ ಇನ್ನೊಂದು ಕಟ್ಟಳೆ ಗುಟ್ಟು. ಒಂದು ಮನೆಯಲ್ಲಿ ಕಂಡದ್ದು ಸಭೆಯ ಕೋಣೆಯನ್ನು ದಾಟಬಾರದು. ನಮ್ಮದು ಸಣ್ಣ ಊರು. ಸಂತೆಯಲ್ಲಿ ಆಡಿದ ಮಾತು ಸಂಜೆಯೊಳಗೆ ಎಲ್ಲ ತೋಟಗಳಿಗೂ ತಲಪುತ್ತದೆ. ಮದುವೆಗೆ ಬಂದಿರುವ ಹೆಣ್ಣುಮಗಳ ಮನೆಗೆ ವಿನ್ಸೆಂಟ್ ಸಭೆಯ ಅಕ್ಕಿ ಹೋಗುತ್ತದೆಂಬ ಸುದ್ದಿ ಹರಡಿದರೆ ನಾವು ಕೊಟ್ಟದ್ದಕ್ಕಿಂತ ಕಸಿದುಕೊಂಡದ್ದೇ ಹೆಚ್ಚಾಗುತ್ತದೆ.

ಇದೇ ಮಾತು ನನ್ನನ್ನು ಮೂರನೆಯ ಸಲಹೆಗೆ ತರುತ್ತದೆ. ಸಭಾಭವನದಲ್ಲಿ ಬಡವರನ್ನು ಸಾಲಾಗಿ ಕೂರಿಸಿ, ಹೆಸರು ಕೂಗಿ, ವೇದಿಕೆಗೆ ಕರೆದು, ಕಂಬಳಿ ಹಿಡಿದ ಅವರೊಡನೆ ಗಣ್ಯರು ನಿಂತು ಚಿತ್ರ ತೆಗೆಸಿಕೊಳ್ಳುವುದು ಇಂದು ಎಲ್ಲೆಲ್ಲೂ ಸಾಮಾನ್ಯವಾಗಿದೆ. ಆ ಚಿತ್ರ ಅದೇ ಸಂಜೆ ಎಲ್ಲರ ಮೊಬೈಲ್ ಫೋನುಗಳಲ್ಲಿ ಹರಿದಾಡುತ್ತದೆ. ಆ ತಾಯಿಯ ಮಗ ಶಾಲೆಯಲ್ಲಿ ಓದುತ್ತಿರುತ್ತಾನೆ. ಮರುದಿನ ತರಗತಿಯಲ್ಲಿ ಅವನ ಮುಖ ಹೇಗಿರುತ್ತದೆಂದು ನಾವು ಆಲೋಚಿಸಿದ್ದೇವೆಯೇ? ಬಲಗೈ ಕೊಟ್ಟದ್ದನ್ನು ಎಡಗೈಗೂ ತಿಳಿಸಬೇಡಿ ಎಂಬರ್ಥದ ಪ್ರಭುವಿನ ಬೋಧನೆಯನ್ನು ನಾವು ತಪಸ್ಸುಕಾಲದ ಆರಂಭದಲ್ಲಿ ಪ್ರತಿವರ್ಷ ಕೇಳುತ್ತೇವೆ. ಕೇಳಿದ್ದನ್ನು ಕ್ರಿಸ್ತಜಯಂತಿಯವರೆಗಾದರೂ ನೆನಪಿಟ್ಟುಕೊಳ್ಳೋಣ.

ಹಾಗಾದರೆ ಸಂತೋಷಕೂಟವೇ ಬೇಡವೇ? ಬೇಕು. ಸಹಭೋಜನ ನಮ್ಮ ಧರ್ಮದ ಹೃದಯಕ್ಕೆ ಹತ್ತಿರವಾದದ್ದು. ಪ್ರತಿ ಬಲಿಪೂಜೆಯಲ್ಲಿ ನಾವು ಒಂದೇ ಮೇಜಿನ ಸುತ್ತ ಸೇರುತ್ತೇವೆ. ಆದರೆ ಅದು ಬಡಿಸುವವರು ಒಂದು ಕಡೆ, ಉಣ್ಣುವವರು ಇನ್ನೊಂದು ಕಡೆ ಎಂಬಂತಿರಬಾರದು. ವರ್ಷವಿಡೀ ಒಂದು ಮನೆಗೆ ಹೋಗಿ ಬಂದವರು, ಆ ದಿನ ಆ ಮನೆಯವರನ್ನು ತಾವೇ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ಪಂಕ್ತಿಯಲ್ಲಿ ಉಣ್ಣಲಿ. ಅವರ ಮನೆಯ ಹೆಂಗಸರೂ ಅಡುಗೆಗೆ ಕೈ ಜೋಡಿಸಲಿ, ಅವರ ಮಕ್ಕಳೂ ಹಾಡಲಿ. ಆಗ ನೋಡುವವರಿಗೆ ಯಾರು ಕೊಟ್ಟವರು, ಯಾರು ಪಡೆದವರು ಎಂದು ತಿಳಿಯುವುದಿಲ್ಲ. ನಮ್ಮ ಸಭೆಯ ಸ್ನೇಹಕೂಟದ ಲಕ್ಷಣ ಅದು.

ಈಗ ಯುವಜನರಿಗೆ ಒಂದು ಮಾತು. ಇದು ಮುದುಕರ ಸಭೆಯೆಂದು ನೀವು ದೂರ ನಿಂತಿದ್ದೀರಿ. ಸ್ಥಾಪಕರ ವಯಸ್ಸನ್ನು ನೀವು ಈಗಷ್ಟೇ ಕೇಳಿದಿರಿ. ಹಿರಿಯರಿಗೂ ಒಂದು ಮಾತು. ಬೇಯಿಯವರು ಸ್ಥಳವನ್ನೂ ಸಲಹೆಯನ್ನೂ ಕೊಟ್ಟರು. ವಿದ್ಯಾರ್ಥಿಗಳಿಗೆ ಕೆಲಸ ಬಿಟ್ಟುಕೊಟ್ಟರು. ಅರ್ಜಿ ತುಂಬುವುದು, ಆಸ್ಪತ್ರೆಯಲ್ಲಿ ವಿಚಾರಿಸುವುದು, ಹಿಂದಿಯಲ್ಲಿ ಮಾತನಾಡುವುದು ಇವೆಲ್ಲ ನಮ್ಮ ಯುವಕ ಯುವತಿಯರಿಗೆ ಹಿರಿಯರಿಗಿಂತ ಚೆನ್ನಾಗಿ ಬರುತ್ತದೆ. ಮನೆಯೊಳಗೆ ಕಾಲಿಟ್ಟು ಹೇಗೆ ಮಾತು ಆರಂಭಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಹಿರಿಯರಿಗೆ ಗೊತ್ತು. ಒಬ್ಬ ಹಿರಿಯರು, ಒಬ್ಬ ಕಿರಿಯರು ಜೊತೆಯಾಗಿ ಹೋದರೆ ಎರಡೂ ಕೂಡಿಬರುತ್ತವೆ.

ಆದುದರಿಂದ ನನ್ನ ವಿನಂತಿಗಳು ಇಷ್ಟು. ವಾರದ ಸಭೆ ನಿಲ್ಲದಿರಲಿ. ಭಾನುವಾರ ಮೊದಲ ಪೂಜೆಯಾದ ಮೇಲೆ, ಒಂದು ಗಂಟೆ ಮೀರದಂತೆ ನಡೆಯಲಿ. ಪ್ರತಿಯೊಂದು ಜೋಡಿಗೂ ಎರಡೇ ಮನೆಗಳಿರಲಿ. ಹತ್ತು ಮನೆಗೆ ಓಡಿ ಹೋಗಿ ಬರುವುದಕ್ಕಿಂತ ಎರಡು ಮನೆಯಲ್ಲಿ ಕುಳಿತು ಬರುವುದು ಮೇಲು. ಅವುಗಳಲ್ಲಿ ಯಾರೂ ಇಲ್ಲದವರ ಮನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರತಿ ವಾರ್ಡಿನಿಂದ ಒಬ್ಬರಾದರೂ ಯುವಕ ಅಥವಾ ಯುವತಿ ಈ ವರ್ಷ ಸಭೆಗೆ ಸೇರಲಿ. ಹೊರ ರಾಜ್ಯಗಳಿಂದ ಬಂದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಲು ಒಂದು ಜೋಡಿ ಮುಂದೆ ಬರಲಿ. ತೋಟದ ಮಾಲೀಕರೂ ರೈಟರುಗಳೂ ಅವರಿಗೆ ಅನುವು ಮಾಡಿಕೊಡಲಿ. ಶತಮಾನೋತ್ಸವದ ಊಟದಲ್ಲಿ ಫಲಾನುಭವಿಗಳಿಗೆಂದು ಬೇರೆ ಪಂಕ್ತಿ ಬೇಡ, ವಿತರಣೆಯ ಚಿತ್ರವೂ ಬೇಡ.

ಪಾಲನಾ ಸಮಿತಿ ಮುಂದಿನ ತಿಂಗಳು ಸೇರಿದಾಗ ಈ ವಿಷಯ ನಿರ್ಧಾರಕ್ಕೆ ಬರುತ್ತದೆ. ಅಲ್ಲಿಯವರೆಗೆ 14 ಮಂದಿಯಲ್ಲಿ ಯಾರ ಜೊತೆಗಾದರೂ, ಒಂದು ವಾರ, ಒಂದು ಮನೆಗೆ ಹೋಗಿ ಬನ್ನಿ ಎಂದು ಸಮಿತಿಯ ಪ್ರತಿಯೊಬ್ಬ ಸದಸ್ಯರನ್ನೂ ನಾನು ಕೇಳಿಕೊಳ್ಳುತ್ತೇನೆ. ಹೋಗಿ ಬಂದ ಮೇಲೆ ನೀವು ಕೈಗೊಳ್ಳುವ ತೀರ್ಮಾನಕ್ಕೆ ನಾನು ತಲೆಬಾಗುತ್ತೇನೆ.

ನೂರು ವರ್ಷ ನಮ್ಮನ್ನು ನಡೆಸಿಕೊಂಡು ಬಂದ ಕರುಣಾಮಯ ದೇವರು, ನಮ್ಮ ಮಾತೆ ಮರಿಯಮ್ಮನವರ ಹಾಗೂ ಸಂತ ವಿನ್ಸೆಂಟರ ಪ್ರಾರ್ಥನೆಯ ಮೂಲಕ, ನಿಮ್ಮನ್ನೂ ನಿಮ್ಮ ಕುಟುಂಬಗಳನ್ನೂ, ನೀವು ಬಾಗಿಲು ತಟ್ಟಲಿರುವ ಮನೆಗಳನ್ನೂ ಆಶೀರ್ವದಿಸಲಿ.